ಒಂದು ‘ಇಲ್ಲ’ ಬಾಕಿ

ಶಿವರಾತ್ರಿ ಕಳೆದಿತ್ತು. ಚಳಿ ಪೂರ್ತಿ ಹೋಗಿರಲಿಲ್ಲ, ಬಿಸಿಲು ಆಗಲೇ ಬಂದು ಜಗಲಿಯ ಮೇಲೆ ಕಾಲು ಚಾಚಿತ್ತು. ತೂಬಿನಹಟ್ಟಿಯಲ್ಲಿ ಉಣ್ಣೆ ತೆಗೆಯುವ ಕೆಲಸ ಶುರುವಾಗಿ ಮೂರು ದಿನ. ಹಿಂದಿನ ದಿನ ಕೆರೆಯಲ್ಲಿ ಮೀಯಿಸಿ ತಂದ ಕುರಿಗಳು ರೊಪ್ಪದಲ್ಲಿ ಒಂದನ್ನೊಂದು ಒತ್ತಿಕೊಂಡು ನಿಂತಿದ್ದವು. ಕರಿಯಜ್ಜನೂ ಅವನ ಜೊತೆಯ ನಾಲ್ವರೂ ಒಂದೊಂದನ್ನೇ ಎಳೆದು ತಂದು, ಕಾಲು ಕಟ್ಟಿ ಮಲಗಿಸಿ ಕತ್ತರಿಯಾಡಿಸುತ್ತಿದ್ದರು. ಉಣ್ಣೆ ಕಳಚಿಕೊಂಡ ಕುರಿ ಎದ್ದು, ಈ ಮೈ ತನ್ನದೇ ಹೌದೋ ಅಲ್ಲವೋ ಎಂಬಂತೆ ಒಮ್ಮೆ ಒದರಿ, ಹಿಂಡಿನೊಳಕ್ಕೆ ನುಗ್ಗಿಬಿಡುತ್ತಿತ್ತು.

ಮಾಳಕ್ಕ ಬೇವಿನ ಮರದ ನೆರಳಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ಕರಿಯದು ಒಂದು ಕಡೆ, ಬಿಳಿಯದು ಒಂದು ಕಡೆ, ಕೆಂಚು ಇನ್ನೊಂದು ಕಡೆ. ಎದುರಿಗೆ ಅವಳ ವಾರಗಿತ್ತಿ ಹನುಮಕ್ಕ. ಒಂದೇ ಮನೆಗೆ ಅಣ್ಣನ ಹೆಂಡತಿಯಾಗಿ ಹನುಮಕ್ಕ, ತಮ್ಮನ ಹೆಂಡತಿಯಾಗಿ ಮಾಳಕ್ಕ ಬಂದು ಮೂವತ್ತು ವರ್ಷ. ಗಂಡಂದಿರು ವರ್ಷದ ಎಂಟು ತಿಂಗಳು ಹಿಂಡಿನ ಹಿಂದೆ. ಹಾಗಾಗಿ ಅವರಿಗಿಂತ ಹೆಚ್ಚು ಸಂಸಾರ ಮಾಡಿದ್ದು ಇವರಿಬ್ಬರೇ. ನಾಲ್ಕು ವರ್ಷದ ಹಿಂದೆ ಹಿರೇಕಾವಲು ಕ್ಷೇತ್ರ ಹೆಂಗಸರಿಗೆ ಮೀಸಲಾದಾಗ, ಕಂಬಳಿ ಸಂಘದ ಅಧ್ಯಕ್ಷೆಯಾಗಿದ್ದ ಮಾಳಕ್ಕನಿಗೆ ಪಕ್ಷದವರು ಟಿಕೆಟ್ ಕೊಟ್ಟು, ಅವಳು ಗೆದ್ದು, ರಾಜಧಾನಿಯ ಸಭೆಯಲ್ಲಿ ‘ಶ್ರೀಮತಿ ಮಾಳಮ್ಮ’ ಆದಳು. ಆದರೂ ಉಣ್ಣೆಯ ಕಾಲಕ್ಕೆ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಇವತ್ತು ಮಾತ್ರ ಬೆಳಗಿನಿಂದ ಯಾರೂ ಅವಳ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಕರಿಯಜ್ಜ ಸುಮ್ಮನಿರುವ ಆಸಾಮಿಯಲ್ಲ. ಹೋದ ವರ್ಷ, “ಏನವ್ವ, ಸಭೆಯಾಗೆ ಮಂತ್ರಿಗಳ ಉಣ್ಣೇನೂ ತೆಗೀತೀರಂತೆ?” ಎಂದು ಕೆಣಕಿದ್ದ. ಇವತ್ತು ಅವನ ಕತ್ತರಿಯೊಂದೇ ಸದ್ದು ಮಾಡುತ್ತಿತ್ತು. ಮಾಳಕ್ಕನ ಬೆರಳು ಕರಿಯ ರಾಶಿಗೆ ಬಿಳಿ ಹಾಕಿತು. ಹನುಮಕ್ಕ ಅದನ್ನು ಎತ್ತಿ ಬಿಳಿಗೆ ಹಾಕಿದಳು. ಮತ್ತೊಮ್ಮೆ ತಪ್ಪಿತು. ಮತ್ತೆ ಎತ್ತಿ ಹಾಕಿದಳು. ಮೂರನೆಯ ಸಲಕ್ಕೆ ಸೆರಗು ಕೊಡವಿ ಎದ್ದಳು.

“ಏಳು. ಕಂಬದತ್ರ ಹೋಗಾನ.”

“ಈಗ್ಯಾಕಕ್ಕ?”

“ನಿನ್ನ ಕಿವಿಯಾಗೇ ಕೇಳುವಂತೆ.”

ಕಂಬ ಅಂದರೆ ಹೇಳುಗಂಬ. ಪಂಚಾಯ್ತಿ ಕಟ್ಟೆಯ ಮುಂದೆ ಎದೆಮಟ್ಟದ ಒಂದು ಕರೀ ಕಂಬ. ಅದನ್ನು ಮುಟ್ಟಿ ಕೇಳಿದರೆ, ನಿಮ್ಮ ಶಾಸಕರು ಸಭೆಗೆ ಎಷ್ಟು ದಿನ ಬಂದರು, ಏನು ಕೇಳಿದರು, ಯಾವುದಕ್ಕೆ ಕೈ ಜೋಡಿಸಿದರು ಎಂಬುದನ್ನೆಲ್ಲ ನಿಮ್ಮ ಸೀಮೆಯ ಮಾತಿನಲ್ಲೇ ಹೇಳುತ್ತದೆ. ಮೊದಲು ಈ ಕಾಟ ಇರಲಿಲ್ಲ. ಸಭಾಧ್ಯಕ್ಷರು “ಪರವಾಗಿರುವವರು ಹೌದು ಎನ್ನಿ, ವಿರೋಧವಾಗಿರುವವರು ಇಲ್ಲ ಎನ್ನಿ” ಎಂದಾಗ ಇಡೀ ಸಭೆ ಒಟ್ಟಿಗೆ ಕೂಗುತ್ತಿತ್ತು. ಯಾವ ಗದ್ದಲ ಜೋರೋ ಅದು ಗೆದ್ದಂತೆ. ಆ ಗದ್ದಲದಲ್ಲಿ ಯಾರು ಏನೆಂದರೋ ದೇವರಿಗೇ ಗೊತ್ತು. ಆಮೇಲೆ ದನಿಗನ್ನಡಿ ಬಂತು. ಸಭೆಯ ಚಾವಣಿಯಲ್ಲಿ ಮುನ್ನೂರ ನಲವತ್ತು ಪುಟ್ಟ ಕಿವಿಗಳು. ಅವು ಆ ಕೂಗಿನ ರಾಶಿಯಿಂದ ಒಂದೊಂದು ಗಂಟಲನ್ನೂ ಬೇರೆ ಮಾಡಿ ಹೆಸರಿನ ಮುಂದೆ ಬರೆಯುತ್ತವೆ.

ಹನುಮಕ್ಕ ಕಂಬ ಮುಟ್ಟಿದಳು. “ನಮ್ಮ ಮಾಳಮ್ಮಂದು ಹೇಳು.”

ಕಂಬ ಹೇಳಿತು. ಹಾಜರಿ, ನೂರಕ್ಕೆ ತೊಂಬತ್ತೆಂಟು. ಕೇಳಿದ ಪ್ರಶ್ನೆ ಏಳು, ಉತ್ತರ ಬಂದದ್ದು ಮೂರು. ಅದರಲ್ಲಿ ಕುರಿಗಳ ಲಸಿಕೆಯ ಬಗ್ಗೆ ಕೇಳಿದ್ದಕ್ಕೆ ಉತ್ತರ, ‘ಪರಿಶೀಲನೆಯಲ್ಲಿದೆ’. ನಾಲ್ಕು ವರ್ಷದಲ್ಲಿ ಮಾತಾಡಿದ್ದು ಹನ್ನೊಂದು ನಿಮಿಷ. ಹುಲ್ಲುಗಾವಲು ಮರುಬಳಕೆ ಮಸೂದೆ, ಕಳೆದ ಶುಕ್ರವಾರ, ಪರ್ಯಾಲೋಚನೆಯ ಹಂತ, ಧ್ವನಿಮತ. ನಿಮ್ಮ ಸದಸ್ಯರು ಹೇಳಿದ್ದು, ಹೌದು.

“ನಾಲ್ಕು ವರ್ಷದಲ್ಲಿ ಇವರ ಒಟ್ಟು ಹೌದು, ನಾನೂರ ಹನ್ನೆರಡು,” ಎಂದಿತು ಕಂಬ. “ಇಲ್ಲ, ಸೊನ್ನೆ.”

ಆ ಮಸೂದೆ ಅಂಗೀಕಾರವಾದರೆ ಹಿರೇಕಾವಲಿನ ಮೂರು ಸಾವಿರ ಎಕರೆ ಹುಲ್ಲಿನ ಮೇಲೆ ಕರೆಂಟು ಮಾಡುವ ಬಿಸಿಲು ಫಲಕಗಳು ನಿಲ್ಲುತ್ತವೆ, ಸುತ್ತ ತಂತಿ ಬೇಲಿ. ಹದಿನಾಲ್ಕು ಹಟ್ಟಿಗಳ ಕುರಿಗಳಿಗೆ ಇರುವುದು ಅದೊಂದೇ ನೆಲ.

“ನಾನು ಅಂದಿಲ್ಲಕ್ಕ,” ಎಂದಳು ಮಾಳಕ್ಕ. “ಆಗ ಪಕ್ಕದ ಕುರ್ಚಿ ಗೌಡ್ರು ಅವರ ಎಮ್ಮೆ ಬಾವಿಗೆ ಬಿದ್ದ ಕತೆ ಹೇಳ್ತಿದ್ರು. ಹೇಳೋರಿಗೆ ಹೂಂ ಅನ್ನದೆ ಇರಾಕಾಗ್ತದಾ? ಹೌದಾ ಗೌಡ್ರೆ ಅಂದೆ. ಅದನ್ನೇ ಇದು ಮತ ಅಂತ ಬರ್ಕಂಡೈತೆ.”

ಹಿಂದೆಯೇ ಬಂದಿದ್ದ ಕರಿಯಜ್ಜ ಕೊನೆಗೂ ಬಾಯಿಬಿಟ್ಟ. “ಯಂತ್ರದ ತಪ್ಪೇನೈತೆ ಬಿಡವ್ವ. ನಿಮ್ಮನೆ ಹೆಣ್ಮಕ್ಕಳ ಬಾಯಾಗೆ ಇಲ್ಲ ಅನ್ನೋದು ಎಲ್ಲಿಂದ ಬರಬೇಕು? ಉಪ್ಪು ಮುಗುದ್ರೂ ‘ಹೆಚ್ಚಾಗೈತೆ’ ಅಂತೀರಿ.”

ಯಾರೂ ನಗಲಿಲ್ಲ.

ಹನುಮಕ್ಕ ಅವಳನ್ನು ಕಟ್ಟೆಯ ಪಕ್ಕಕ್ಕೆ ಎಳೆದಳು. “ನೋಡು ಮಾಳಿ, ಎಲೆಕ್ಷನ್ನಿಗೆ ಮುಂಚೆ ಕಂಬಳಿ ಹಾಸಿ, ಅದರ ಮೇಲೆ ಕೂತು ಹದಿನಾಲ್ಕು ಹಟ್ಟಿ ಮುಂದೆ ಏನಂದಿದ್ದೆ? ಕಾವಲಿನ ಮಾತು ಬಂದ್ರೆ ಇಲ್ಲ ಅಂತೀನಿ ಅಂದಿದ್ದೆ. ಕಂಬಳಿ ಮೇಲೆ ಕೂತು ಆಡಿದ ಮಾತು ಅದು, ಆಣೆ ಇದ್ದಂಗೆ. ಒಂದು ‘ಇಲ್ಲ’ ನಿನ್ನ ಮೇಲೆ ನಮ್ಮ ಬಾಕಿ ಐತೆ. ನಾನು ನಿನ್ನೆ ಎಲ್ಲರ ಮುಂದೆ ಕಂಬಳಿ ಮುಟ್ಟಿ ಹೇಳಿದೀನಿ, ನಮ್ಮ ಮಾಳಿ ಹಂಗಂದಿರಾಕಿಲ್ಲ, ಆ ಯಂತ್ರದ ಕಿವಿ ಕೆಟ್ಟೈತೆ ಅಂತ. ಹೋಗು. ತಿದ್ದಿಸ್ಕಂಡು ಬಾ. ನನ್ನ ಮಾತು ಉಳಿಸು.”

“ಆಗ್ಲಿ ಅಕ್ಕ,” ಎಂದಳು ಮಾಳಕ್ಕ. ಎಂದ ಮೇಲೆ ಅನ್ನಿಸಿತು, ಇದೂ ಒಂದು ಹೌದೇ.

*

ದನಿಗನ್ನಡಿಯ ಕೋಣೆ ಸಭಾಭವನದ ನೆಲಮಾಳಿಗೆಯಲ್ಲಿತ್ತು. ಮಾಳಕ್ಕ ನಾಲ್ಕು ವರ್ಷದಲ್ಲಿ ಒಮ್ಮೆಯೂ ಇಲ್ಲಿಗೆ ಇಳಿದಿರಲಿಲ್ಲ. ಗೋಡೆಯ ತುಂಬ ಪರದೆ, ಪರದೆಯ ತುಂಬ ನೂಲಿನೆಳೆಯಂಥ ಗೆರೆಗಳು. ಮಗ್ಗಕ್ಕೆ ಹಾಸು ಹಚ್ಚಿದ ಹಾಗೆ ಕಂಡಿತು. ಅಲ್ಲಿಯ ಅಧಿಕಾರಿ ಫರ್ಜಾನ, ಮೂವತ್ತೈದರ ಹೆಣ್ಣುಮಗಳು, ಕುರ್ಚಿ ಎಳೆದು ಕೊಟ್ಟಳು.

“ನಿಮ್ಮ ಅರ್ಜಿ ಓದಿದೆ ಮೇಡಂ. ತುಂಬ ಜನ ಬರ್ತಾರೆ. ಕೆಮ್ಮಿದ್ದನ್ನ ಹೌದು ಅಂತ ಬರ್ಕೊಂಡಿದೆ ಅಂತ ಒಬ್ಬರು ಬಂದಿದ್ರು.”

“ಬರ್ಕಂಡಿತ್ತಾ?”

“ಇಲ್ಲ. ಕೆಮ್ಮೂ ಇತ್ತು, ಹೌದೂ ಇತ್ತು.” ಫರ್ಜಾನ ನಕ್ಕಳು. “ನೀವು ಕಂಬಳಿ ಕೆಲಸದವರಂತಲ್ಲ, ನಿಮಗೆ ಬೇಗ ತಿಳಿಯುತ್ತೆ. ಕರೀ ಉಣ್ಣೆ ಬಿಳೀ ಉಣ್ಣೆ ಬಿಡಿಸ್ತೀರಲ್ಲ, ಹಾಗೇ ಇದು. ನೀವು ಕೂಗಿದ್ದು ನಿಮ್ಮ ತಲೆ ಮೇಲಿನ ಕಿವಿಗೆ ಮೊದಲು ಹೋಗುತ್ತೆ, ಆ ತುದಿಯ ಕಿವಿಗೆ ಆಮೇಲೆ. ಆ ವ್ಯತ್ಯಾಸದಲ್ಲಿ ಯಾವ ಕುರ್ಚಿ ಅಂತ ಸಿಗುತ್ತೆ. ಇನ್ನು ಗಂಟಲಿನ ಗುರುತು. ಅದು ಕುರಿಯ ಕಿವಿಗೆ ಹಾಕೋ ಗುರುತಿನ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಇರಲ್ಲ.”

“ಸರಿ. ಆದ್ರೆ ಹೂಂಗುಟ್ಟಿದ್ದು ಯಾವ್ದು, ಮತ ಯಾವ್ದು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕವ್ವ?”

“ರಾಗದಿಂದ. ‘ಹೌದಾ?’ ಅಂದ್ರೆ ಕೊನೆ ಮೇಲಕ್ಕೆ ಹೋಗುತ್ತೆ. ‘ಹೌದೂ…’ ಅಂತ ಮರುಗಿದ್ರೆ ಎಳೆಯುತ್ತೆ. ಮತದ ಹೌದು ಮೊಟಕು. ಕೇಳಿ.”

ಅವಳು ಒಂದು ಗೆರೆಯನ್ನು ಮುಟ್ಟಿದಳು. ಕೋಣೆಯಲ್ಲಿ ಯಲ್ಲನಗೌಡರ ದನಿ ತುಂಬಿಕೊಂಡಿತು. ಬಡಗಣ ಸೀಮೆಯವರು, ಮಾಳಕ್ಕನ ಪಕ್ಕದ ಕುರ್ಚಿ, ಮೂರು ಸಲ ಗೆದ್ದರೂ ಹಿಂದಿನ ಸಾಲು ಬಿಟ್ಟು ಮುಂದಕ್ಕೆ ಬಾರದವರು. “ಎರಡ ದಿನಾ ಬಾವ್ಯಾಗ ನಿಂತಿತ್ರಿ ಎಮ್ಮಿ. ನಾ ಹಣಿಕಿ ಹಾಕಿದ್ರ, ನನ್ನ ಮಾರಿ ನೋಡಿ ಒದರವಲ್ದು. ಏನ ತಿಳದಿತ್ತೋ ಅದರ ಮನಸಿನ್ಯಾಗ, ತಾನಾಗೇ ಇಳದೇನಿ ಅನ್ನೂ ಹಂಗ ನಿಂತಿತ್ತು.” ಅದರ ಬೆನ್ನಿಗೇ ತನ್ನ ದನಿ. “ಹೌದಾ ಗೌಡ್ರೆ?”

“ಅದೇ! ಅದೇ ನೋಡವ್ವ!” ಮಾಳಕ್ಕ ಕುರ್ಚಿಯಿಂದ ಅರ್ಧ ಎದ್ದಳು. ಹನುಮಕ್ಕನ ಮುಖ ಕಣ್ಣ ಮುಂದೆ ಬಂತು.

ಗೆರೆ ಮುಂದೆ ಓಡಿತು. ಸಭಾಧ್ಯಕ್ಷರ ದನಿ, ದೂರದಿಂದ, “ಪರವಾಗಿರುವವರು ಹೌದು ಎನ್ನಿ.” ಕೆರೆಯ ಕೋಡಿ ಬಿದ್ದಂತೆ ಒಂದು ಕೂಗು. ಫರ್ಜಾನ ಏನೋ ತಿರುಗಿಸಿದಳು. ಒಂದೊಂದೇ ದನಿ ಕಳಚಿ ಬಿದ್ದು, ಕೂಗು ತೆಳುವಾಗಿ, ಕೊನೆಗೆ ಒಂದೇ ಒಂದು ಉಳಿಯಿತು.

“ಹೌದು.”

ಮೊಟಕು. ನೆಟ್ಟಗೆ. ಅವಳದೇ.

“ಇದು ನಾಲ್ಕು ಸೆಕೆಂಡ್ ಆದ ಮೇಲಿನದು,” ಎಂದಳು ಫರ್ಜಾನ ಮೆಲ್ಲಗೆ.

“ಇನ್ನೊಂದ್ಸಲ ಹಾಕು.”

ಇನ್ನೊಂದು ಸಲ ಬಂತು. ಮತ್ತೊಂದು ಸಲ. ಮಾಳಕ್ಕ ತಲೆ ಬಗ್ಗಿಸಿ ಕೇಳಿದಳು. ಆ ದನಿಯನ್ನು ಅವಳು ಬಲ್ಲಳು. ಮಸೂದೆಗೆ ಒಪ್ಪಿದವಳ ದನಿಯಲ್ಲ, ಒಪ್ಪದವಳದೂ ಅಲ್ಲ. ಹೊರಗೆ ಜಗಲಿಯಲ್ಲಿ ಗಂಡಸರು ಏನೋ ಕೇಳಿದಾಗ, ಏನು ಕೇಳಿದರೆಂದು ತಿಳಿಯುವ ಮೊದಲೇ ಒಲೆಯ ಮುಂದಿನಿಂದ ಸೊಸೆ ಅನ್ನುತ್ತಾಳಲ್ಲ, ಆ ಹೌದು.

“ಉಳಿದವೂ ಹಿಂಗೇ ಅದಾವಾ? ಆ ನಾನೂರ ಹನ್ನೆರಡೂ?”

“ಬಹಳಷ್ಟು.”

ಫರ್ಜಾನ ಒಂದು ಕಾಗದ ಮುಂದೆ ಸರಿಸಿದಳು. “ನಿಯಮದಲ್ಲಿ ದಾರಿ ಇದೆ ಮೇಡಂ. ‘ಹೂಂಗುಟ್ಟಿದ ಮಾತು’ ಅಂತ ಪ್ರಮಾಣ ಮಾಡಿ ಸಹಿ ಹಾಕಿ. ಪಕ್ಕದ ಕುರ್ಚಿಯವರ ಸಾಕ್ಷಿ ಬೇಕು. ಅಷ್ಟಾದ್ರೆ ನಾಳೆ ಬೆಳಿಗ್ಗೆ ನಿಮ್ಮ ಊರಿನ ಕಂಬದಲ್ಲಿ ಈ ಹೌದು ಇರಲ್ಲ. ಈ ವರ್ಷ ಮೂವತ್ತೊಂದು ಜನ ಸದಸ್ಯರು ತಿದ್ದಿಸಿಕೊಂಡಿದ್ದಾರೆ. ಇದು ಮತವೇ ಅಂತ ಯಂತ್ರ ನೂರಕ್ಕೆ ಎಪ್ಪತ್ತೊಂದು ಹೇಳುತ್ತೆ, ಅಷ್ಟೆ. ಉಳಿದ ಇಪ್ಪತ್ತೊಂಬತ್ತು ನಿಮ್ಮದು.”

“ನಿನ್ನ ಕಿವಿ ಏನು ಹೇಳ್ತದವ್ವ?”

ಫರ್ಜಾನ ಪರದೆಯ ಕಡೆ ನೋಡಿದಳು. “ನನ್ನ ಕಿವೀನ ಯಾರೂ ಕೇಳಲ್ಲಮ್ಮ,” ಎಂದಳು. ಮೇಡಂ ಎನ್ನುವುದು ಎಲ್ಲೋ ಜಾರಿಹೋಗಿತ್ತು.

ಮಾಳಕ್ಕ ಕಾಗದವನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಸಹಿ ಹಾಕಲಿಲ್ಲ.

*

“ಅದರಾಗ ಏನೈತ್ರಿ ಮಾಳವ್ವಾರ, ನಾ ಸಾಕ್ಷಿ ಹಾಕ್ತೀನಿ,” ಎಂದರು ಯಲ್ಲನಗೌಡರು. ಶಾಸಕರ ಭವನದ ಕ್ಯಾಂಟೀನಿನಲ್ಲಿ ಚಹಾ ಬಸಿಗೆ ಸುರಿದುಕೊಳ್ಳುತ್ತಿದ್ದರು. “ನನ್ನ ಎಮ್ಮಿ ಸಲುವಾಗಿ ಆದ ತಪ್ಪು. ಪೆನ್ನು ಕೊಡ್ರಿ ಇಲ್ಲೆ.”

“ತಪ್ಪು ನಿಮ್ಮ ಎಮ್ಮೇದಲ್ಲ ಗೌಡ್ರೆ.”

“ಮತ್ಯಾರದು?”

“ನಾನು ಅಂದಿದ್ದೆ. ಕೇಳ್ದೆ ನಾನು.”

ಗೌಡರು ಬಸಿ ಕೆಳಗಿಟ್ಟರು. “ಅಂದ್ರ ಅಂದ್ರಿ. ನಾವ್ಯಾರು ಅಂದಿಲ್ಲ? ಹಿಂದಿನ ಸಾಲಂದ್ರ ಮದವಿ ಊಟದ ಕಡೀ ಪಂಕ್ತಿ ಇದ್ದಂಗ. ನಮ್ಮ ತನಕ ಬರೂದ್ರಾಗ ಸೌಟಷ್ಟ ಉಳದಿರತೈತಿ. ಬಡಿಸಿದಾಂವ ಬೇಕೇನ್ರಿ ಅಂತಾನ, ನಾವು ಹೌದಂತೀವಿ. ಎಲಿಮ್ಯಾಲೆ ಏನೂ ಬೀಳೂದಿಲ್ಲ.”

ಅಷ್ಟರಲ್ಲಿ ಪಕ್ಷದ ಸಚೇತಕರು ಬಂದು ಮಾಳಕ್ಕನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. ಗುರುವಾರ ಹುಲ್ಲುಗಾವಲು ಮಸೂದೆಯ ಅಂಗೀಕಾರ. ಎಲ್ಲರೂ ಹಾಜರಿದ್ದು ಪರವಾಗಿ ಮತ ಹಾಕತಕ್ಕದ್ದು. ತಪ್ಪಿದರೆ ಸದಸ್ಯತ್ವ ಹೋಗುತ್ತದೆ. “ನಿಮಗೆ ಇದೆಲ್ಲ ಕೊಡೋ ಅಗತ್ಯವೇ ಇಲ್ಲ ಬಿಡಿ ಮಾಳಮ್ಮ,” ಎಂದರು ನಗುತ್ತ. “ನಾನೂರ ಹನ್ನೆರಡು ಹೌದು! ನಿಮ್ಮಂಥೋರು ಹತ್ತು ಜನ ಇದ್ದಿದ್ರೆ ನನಗೆ ಬಿಪಿ ಮಾತ್ರೆ ಬೇಕಿರಲಿಲ್ಲ.”

“ಹೌದಾ ಸರ್?” ಎಂದು ಬಾಯಿಗೆ ಬಂದದ್ದನ್ನು ಅವಳು ಚಹಾದ ಜೊತೆ ನುಂಗಿದಳು.

ಸಂಜೆ ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತಳು. “ಇಲ್ಲ” ಎಂದಳು. ದನಿ ಹೊರಡಲಿಲ್ಲ, ತುಟಿಯಷ್ಟೇ ಆಡಿತು.

ಮದುವೆಯಾಗಿ ಬಂದ ಮೊದಲ ವಾರ ನೆನಪಾಯಿತು. ಹೊರಗೆ ನೆಂಟರು ಊಟಕ್ಕೆ ಕೂತಿದ್ದರು. ಅತ್ತೆ “ಉಪ್ಪು ತಾರೇ” ಎಂದರು. ಉಪ್ಪಿನ ಮರದ ಮರಿಗೆಯೊಳಗೆ ಕೈಯಾಡಿಸಿ ಮಾಳಿ, “ಉಪ್ಪು ಇಲ್ಲ ಅತ್ತೆ” ಎಂದುಬಿಟ್ಟಳು. ಪಂಕ್ತಿಯ ತುತ್ತೆಲ್ಲ ಅರ್ಧಕ್ಕೆ ನಿಂತವು. ಅತ್ತೆ ಒಳಗೆ ಬಂದು ಬೈಯಲಿಲ್ಲ, ಗಲ್ಲ ಹಿಡಿದು ಮುಖ ಎತ್ತಿ, “ಈ ಮನೇಲಿ ಆ ಮಾತು ಆಡಬಾರದು. ಆಡಿದ್ರೆ ಅದು ಬಂದು ಕೂತ್ಕಳ್ತದೆ. ಉಪ್ಪು ಹೆಚ್ಚಾಗೈತೆ ಅನ್ನು, ಅಕ್ಕಿ ಹೆಚ್ಚಾಗೈತೆ ಅನ್ನು,” ಎಂದರು. ಅವತ್ತು ಪಕ್ಕದ ಮನೆಯಿಂದ ಉಪ್ಪು ತಂದುಕೊಟ್ಟವಳು ಹನುಮಕ್ಕ. ಅಲ್ಲಿಂದ ಮೂವತ್ತು ವರ್ಷ ಅವರ ಮನೆಯಲ್ಲಿ ಉಪ್ಪು, ಅಕ್ಕಿ, ಎಣ್ಣೆ, ಬತ್ತಿ ಎಲ್ಲವೂ ಹೆಚ್ಚಾದವು, ಒಂದೂ ಇಲ್ಲವಾಗಲಿಲ್ಲ. ಬೇಡದ ಕೆಲಸಕ್ಕೆ “ನೋಡಾನ” ಎಂದಳು, ಆಗದ ಮಾತಿಗೆ “ಆಗ್ಲಿ” ಎಂದಳು. ಹಟ್ಟಿಯಲ್ಲಿ ಇದರ ಅರ್ಥ ಎಲ್ಲರಿಗೂ ತಿಳಿಯುತ್ತಿತ್ತು. ಚಾವಣಿಯ ಕಿವಿಗಳಿಗೆ ತಿಳಿಯುವುದಿಲ್ಲ.

ಫೋನು ಮಾಡಿದಳು. ಹನುಮಕ್ಕ ಮೊದಲ ಗಂಟೆಗೇ ಎತ್ತಿದಳು. “ತಿದ್ದಿದ್ರೇನೇ?”

“ಅಕ್ಕ, ಯಂತ್ರದ ಕಿವಿ ಸರಿಯಾಗೈತೆ.”

ಆ ಕಡೆ ಕುರಿಗಳ ಅರಚಾಟ ಮಾತ್ರ ಕೇಳಿತು.

“ಸಹಿ ಹಾಕಿದ್ರೆ ತಿದ್ದುತಾರೆ,” ಎಂದಳು ಮಾಳಕ್ಕ. “ಕಾಗದ ನನ್ನ ಚೀಲದಾಗೇ ಐತೆ. ಆದ್ರೆ ಅದು ಸುಳ್ಳಾಗ್ತದೆ. ಅಂದೋಳು ನಾನೇ. ಯಾಕಂದೆ ಅಂತ ಕೇಳಬ್ಯಾಡ, ನಂಗೂ ಗೊತ್ತಿಲ್ಲ. ಎಲ್ಲರೂ ಅಂದ್ರು, ನಾನೂ ಅಂದೆ.”

“ನಾನು ಕಂಬಳಿ ಮುಟ್ಟಿದ್ನಲ್ಲೇ,” ಎಂದಳು ಹನುಮಕ್ಕ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ಸಹಿ ಹಾಕ್ತೀಯೋ ಬಿಡ್ತೀಯೋ ನಿನಗೆ ಸೇರಿದ್ದು. ಬಾಕಿ ಮಾತ್ರ ಹಂಗೇ ಐತೆ.”

ಫೋನು ಸುಮ್ಮನಾಯಿತು. ಮಾಳಕ್ಕ ಎದ್ದಳು, ಕೂತಳು, ಕಿಟಕಿ ತೆರೆದಳು, ಮುಚ್ಚಿದಳು. ಬೆರಳಿಗೆ ಬಿಡಿಸಲು ಏನೂ ಇರಲಿಲ್ಲ. ಸೆರಗಿನ ಅಂಚಿನಿಂದ ಒಂದು ದಾರ ಎಳೆದು, ಅದನ್ನೇ ಹಿಂಜುತ್ತ ಕೂತಳು. ಶಾಸಕಿಯಾದ ಮೇಲೆ ಕ್ಷೇತ್ರಕ್ಕೆ ತಂದದ್ದು ಎರಡು ಕೊಳವೆಬಾವಿ, ಒಂದು ಪಶು ಆಸ್ಪತ್ರೆ. ಉಳಿದ ಒಂದು ವರ್ಷದಲ್ಲಿ ಉಣ್ಣೆ ತೊಳೆಯುವ ಕಟ್ಟೆಗಳು ಬರುವುದಿದ್ದವು. ಕುರ್ಚಿ ಹೋದರೆ ಅವೂ ಹೋದವು. ಅವಳ ಒಂದು ‘ಇಲ್ಲ’ದಿಂದ ಮಸೂದೆ ಬೀಳುವುದೂ ಇಲ್ಲ, ಪಕ್ಷದ ಬಹುಮತ ಎಲ್ಲರಿಗೂ ಗೊತ್ತು. ಹಾಗಾದರೆ ಯಾಕೆ? ಲೆಕ್ಕ ಹಾಕಿದಷ್ಟೂ ಹೌದೇ ಲಾಭ. ಆದರೆ ಆ ಪರದೆಯ ಮೇಲೆ ಒಂಟಿಯಾಗಿ ಉಳಿದ ದನಿ ಕಿವಿಯಿಂದ ಇಳಿಯಲೊಲ್ಲದು.

*

ಗುರುವಾರ ಸಭೆಯಲ್ಲಿ ಫ್ಯಾನು ತಿರುಗುತ್ತಿದ್ದವು. ಮಂತ್ರಿಗಳು ಮಸೂದೆಯ ಬಗ್ಗೆ ಮಾತಾಡಿದರು. ‘ಬಂಜರು’ ಎಂಬ ಮಾತು ಒಂಬತ್ತು ಸಲ ಬಂತು. ಮಾಳಕ್ಕ ಎಣಿಸಿದಳು. ಅವರು ಬಂಜರು ಎಂದಾಗಲೆಲ್ಲ ಅವಳಿಗೆ ಕಾವಲಿನ ಹುಲ್ಲಿನ ಹೆಸರುಗಳು ನೆನಪಾದವು. ಕರಡ, ನೊದೆ, ಗರಿಕೆ. ಮಾತಾಡಲು ಅವಕಾಶ ಬೇಕೆಂದು ಚೀಟಿ ಕಳಿಸಿದ್ದಳು. ಹಿಂದಿನ ಸಾಲಿನ ಚೀಟಿ ಮುಂದಿನ ಮೇಜಿನವರೆಗೆ ಹೋಗುವಷ್ಟರಲ್ಲಿ ಚರ್ಚೆ ಮುಗಿದಿತ್ತು.

ಪಕ್ಕದಲ್ಲಿ ಗೌಡರು ಇವತ್ತು ಕತೆ ಹೇಳಲಿಲ್ಲ.

“ಪರವಾಗಿರುವವರು ಹೌದು ಎನ್ನಿ.”

ಕೂಗು ಎದ್ದಿತು. ಗೌಡರ ಬಾಯಿಯೂ ಆಡಿತು. ಮಾಳಕ್ಕ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಹೌದು ಗಂಟಲಿನವರೆಗೆ ಬಂದು, ಬಾಗಿಲು ಮುಚ್ಚಿದ್ದು ಕಂಡು ಹಿಂದಕ್ಕೆ ಹೋಯಿತು.

“ವಿರೋಧವಾಗಿರುವವರು ಇಲ್ಲ ಎನ್ನಿ.”

ಎದುರಿನ ಬೆಂಚುಗಳಿಂದ ಕೂಗು ಬಂತು. ಮಾಳಕ್ಕ ಎದ್ದು ನಿಂತಳು. ಧ್ವನಿಮತಕ್ಕೆ ಏಳುವ ಅಗತ್ಯವಿರಲಿಲ್ಲ, ಅವಳ ಮೊಣಕಾಲಿಗೆ ಅದು ಗೊತ್ತಿರಲಿಲ್ಲ. ಉಸಿರು ತುಂಬಿಕೊಂಡು, ಹೊಟ್ಟೆಯಾಳದಿಂದ ಕೂಗಿದಳು.

“ಹೆಚ್ಚಾಗೈತೆ!”

ಸಭೆ ಒಂದು ಗಳಿಗೆ ಬೆಪ್ಪಾಯಿತು. ಆಮೇಲೆ ನಗೆ. “ಏನು ಹೆಚ್ಚಾಗಿದೆ?” ಎಂದರು ಯಾರೋ. “ಬೆಲೆ ಹೆಚ್ಚಾಗೈತಂತೆ!” ಎಂದರು ಎದುರಿನ ಪಕ್ಷದವರು, ಮೇಜು ಬಡಿಯುತ್ತ. ಗೋಡೆಯ ದೊಡ್ಡ ಪರದೆಯಲ್ಲಿ ಅವಳ ಹೆಸರಿನ ಮುಂದಿನ ಚೌಕ ಹಸಿರೂ ಆಗದೆ ಕೆಂಪೂ ಆಗದೆ ಬೆಳ್ಳಗೆ ಮಿಟುಕುತ್ತಿತ್ತು.

ಮಾಳಕ್ಕನ ಮೂವತ್ತು ವರ್ಷದ ಬಾಯಿ ಬೇಕಾದ ಹೊತ್ತಿಗೆ ಮೋಸ ಮಾಡಿತ್ತು. ಕೂತುಬಿಡಬಹುದಿತ್ತು. ಕೂತಿದ್ದರೆ ಕುರ್ಚಿಯೂ ಉಳಿಯುತ್ತಿತ್ತು. ‘ಹೆಚ್ಚಾಗೈತೆ’ ಅಂದರೆ ಏನೆಂದು ಹಟ್ಟಿಯವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸಚೇತಕರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಎರಡು ಕಡೆಯೂ ಉಳಿದುಕೊಳ್ಳುವ ಮಾತು ಅದು. ಸಚೇತಕರು ಮುಂದಿನ ಸಾಲಿನಿಂದ ತಿರುಗಿ, ಕೂತ್ಕೊಳ್ಳಿ ಎಂದು ಕೈಯಾಡಿಸುತ್ತಲೂ ಇದ್ದರು.

ಸಭಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ಸದಸ್ಯೆ ಮಾಳಮ್ಮನವರ ಮಾತು ದನಿಗನ್ನಡಿಗೆ ಗುರುತಾಗಿಲ್ಲ. ಗುರುತಾಗದಿದ್ದರೆ ಹೆಸರು ಹಿಡಿದು ಕೇಳಬೇಕೆಂಬುದು ನಿಯಮ. ಉತ್ತರ ಕೊಡದಿರುವ ಸ್ವಾತಂತ್ರ್ಯವೂ ನಿಮಗಿದೆ. ಮಾಳಮ್ಮನವರೆ, ಹೌದೋ, ಇಲ್ಲವೋ?”

ಮುಂದಿನ ಸಾಲುಗಳೆಲ್ಲ ಕತ್ತು ಹೊರಳಿಸಿ ಹಿಂದಕ್ಕೆ ನೋಡಿದವು. ನಾಲ್ಕು ವರ್ಷದಲ್ಲಿ ಅಷ್ಟು ಮುಖಗಳನ್ನು ಅವಳು ಎದುರಿನಿಂದ ಕಂಡದ್ದು ಅದೇ ಮೊದಲು. ಇಲ್ಲಿಯವರೆಗೆ ಬರೀ ಬೆನ್ನುಗಳೇ.

“ಇಲ್ಲ,” ಎಂದಳು ಮಾಳಕ್ಕ.

ಜೋರಾಗೇನೂ ಅಲ್ಲ. ಉಪ್ಪಿನ ಮರಿಗೆಯಲ್ಲಿ ಕೈಯಾಡಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಹುಡುಗಿಯ ದನಿ ಅದು. ಚೌಕ ಕೆಂಪಾಯಿತು.

ಅವಳು ಕೂತಳು. ಗೌಡರು ಬಗ್ಗಿ ಪಿಸುಗುಟ್ಟಿದರು. “ಎಮ್ಮಿ ಬಾವಿಂದ ಮ್ಯಾಲ ಬಂತು ಬಿಡ್ರಿ.”

ಮಸೂದೆ ಅರವತ್ತೊಂದು ಮತಗಳ ಅಂತರದಿಂದ ಅಂಗೀಕಾರವಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಫರ್ಜಾನ ಕಾದಿದ್ದಳು. “ಆ ‘ಹೆಚ್ಚಾಗೈತೆ’ ನಮ್ಮ ಯಾವ ಡಬ್ಬಿಗೂ ಹೋಗಲಿಲ್ಲಮ್ಮ. ಅದೇನದು?”

“ನಮ್ಮನೆ ಮಾತವ್ವ. ಯಂತ್ರಕ್ಕೆ ಕಲಿಸಬ್ಯಾಡ.” ಮಾಳಕ್ಕ ಚೀಲದಿಂದ ಮಡಿಸಿದ ಕಾಗದ ತೆಗೆದು, ಸಹಿಯಿಲ್ಲದ್ದನ್ನು ಅವಳ ಕೈಗಿಟ್ಟಳು. “ಇನ್ನೊಂದು? ಅದಕ್ಕೆ ನೂರಕ್ಕೆ ಎಷ್ಟು ಬಂತು?”

“ನೂರು.”

*

ಭಾನುವಾರ ಅವಳು ಬಸ್ಸಿಳಿದಾಗ ಹಟ್ಟಿಯ ಬಯಲಲ್ಲಿ ಉಣ್ಣೆ ಮುಗಿದು, ಒಂದು ಕಂಬಳಿಯ ಹಾಸನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ್ದರು. ಹುಣಸೆಬೀಜದ ಗಂಜಿ ಹಚ್ಚುತ್ತಿದ್ದ ಕರಿಯಜ್ಜ ತಲೆ ಎತ್ತಿದ. ಸಚೇತಕರ ನೋಟೀಸು ಅವಳಿಗಿಂತ ಮೊದಲೇ ಊರು ಸೇರಿ, ಪಂಚಾಯ್ತಿ ಬಾಗಿಲಲ್ಲಿ ಅಂಟಿಕೊಂಡಿತ್ತು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಆಷಾಢಕ್ಕೆ ಕಾವಲಿಗೆ ಬೇಲಿ ಬರುತ್ತದೆಂಬ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ಎಂಟು ಹಟ್ಟಿಯವರು ಕೋರ್ಟಿಗೆ ಹೋಗುವ ಮಾತಾಡುತ್ತಿದ್ದರು. ಆರು ಹಟ್ಟಿಯವರು ಹಿಂಡು ಮಾರುವ ಮಾತಾಡುತ್ತಿದ್ದರು.

“ನಿನ್ನ ವಾರಗಿತ್ತಿ ಶುಕ್ರವಾರ ಕಂಬಾನ ಮೂರು ಸಲ ಮುಟ್ಟಿದ್ಲವ್ವ,” ಎಂದ ಕರಿಯಜ್ಜ, ಕೈಯ ಗಂಜಿ ಕೊಡವುತ್ತ. “ಕಂಬಕ್ಕೂ ಬ್ಯಾಸರ ಆಗಿರಬೇಕು.”

“ಏನಂತು?”

“ನಾಲ್ಕು ವರ್ಷದಾಗೆ ಮೊದಲನೇ ಸಲ ನಿನ್ನ ದನೀನೇ ಹಾಕ್ತು. ಮೊದಲು ಹೆಚ್ಚಾಗೈತೆ ಅಂತು. ಹಟ್ಟಿಗೆ ಹಟ್ಟೀನೇ ನಕ್ಕಿತು. ಆಮೇಲೆ ಇನ್ನೊಂದು ಅಂತು. ಆಗ ಯಾರೂ ನಗಲಿಲ್ಲ.”

ಮನೆಯೊಳಗೆ ಹನುಮಕ್ಕ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ತಿರುಗಲಿಲ್ಲ. ಮಾಳಕ್ಕ ಚೀಲ ಗೂಟಕ್ಕೆ ಹಾಕಿ, ಕಾಲು ತೊಳೆದು ಬಂದು ಗೋಡೆಗೊರಗಿ ಕೂತಳು.

“ಆ ಮೊದಲಿನ ಹೌದು ಹಂಗೇ ಐತಂತಲ್ಲ ಕಂಬದಾಗೆ,” ಎಂದಳು ಹನುಮಕ್ಕ ಒಲೆಗೆ.

“ಐತೆ.”

“ತಿದ್ದಿಸ್ಲಿಲ್ಲ.”

“ತಿದ್ದಿಸ್ಲಿಲ್ಲ.”

“ನಾನು ಕಂಬಳಿ ಹಾಸಿಸಿ, ನನ್ನ ಮಾತು ಸುಳ್ಳಾಯ್ತು ಅಂತ ಎಲ್ಲರ ಮುಂದೆ ಒಪ್ಕಂಡೆ. ಐದು ಕಾಯಿ ದಂಡ ಹಾಕಿದ್ರು. ಕೊಟ್ಟೆ.”

ಮಾಳಕ್ಕನಿಗೆ ಹೌದು ಅನ್ನಲು ಹೆದರಿಕೆಯಾಯಿತು.

“ಕುರ್ಚಿ ಹೋಗ್ತದಂತೆ.”

“ಹೋಗ್ತದೆ.”

“ಕಾವಲೂ ಹೋಗ್ತದೆ.”

“ಕೋರ್ಟು ಐತೆ. ಅಲ್ಲಿ ಆ ‘ಇಲ್ಲ’ ಕೆಲಸಕ್ಕೆ ಬಂದರೂ ಬಂತು. ಸಭೆಯಾಗೆ ಒಪ್ಪಿದ್ರು ಅಂತ ನಾಳೆ ಯಾರೂ ನಮ್ಮ ಹೆಸರು ಹೇಳಂಗಿಲ್ಲ.”

ಹನುಮಕ್ಕ ಮುದ್ದೆ ಇಳಿಸಿದಳು. ಎರಡು ತಟ್ಟೆಗೆ ಹಾಕಿದಳು. ಸಾರು ಬಡಿಸಿ, ಬೆರಳು ಅದ್ದಿ ರುಚಿ ನೋಡಿ, ಮುಖ ಹುಳ್ಳಗೆ ಮಾಡಿದಳು. ಮರಿಗೆಯ ಮುಚ್ಚಳ ತೆಗೆದು ಕೈಯಾಡಿಸಿದಳು. ಒಳಗೆ ಉಗುರು ಮರಕ್ಕೆ ತಾಗುವ ಸದ್ದು ಕೇಳಿಸಿತು. ಬಾಗಿಲ ಕಡೆಗೊಮ್ಮೆ, ಅತ್ತೆ ಕೂರುತ್ತಿದ್ದ ಮೂಲೆಯ ಕಡೆಗೊಮ್ಮೆ ನೋಡಿದಳು.

“ಮಾಳಿ, ಉಪ್ಪು ಇಲ್ಲ,” ಎಂದಳು.

ಇಬ್ಬರೂ ಸ್ವಲ್ಪ ಹೊತ್ತು ಕಾದರು. ಸೂರಿನಿಂದ ಏನೂ ಬೀಳಲಿಲ್ಲ. ಹೊರಗೆ ಉಣ್ಣೆ ಬೋಳಿಸಿಕೊಂಡ ಟಗರೊಂದು ಕೆಮ್ಮಿತು.

“ಬಾಕಿ?” ಎಂದಳು ಮಾಳಕ್ಕ.

“ತೀರ್ತು. ಎದ್ದೋಗಿ ಕರಿಯಜ್ಜನ ಮನೆಯಿಂದ ಒಂದು ಹಿಡಿ ಉಪ್ಪು ಇಸ್ಕಂಡು ಬಾ. ಮುದ್ದೆ ಆರ್ತದೆ.”